ಡ್ರೂಸಿ ಕಲಿತ ನಾಲ್ಕು ಸಾಮಾನು

ಡ್ರೂಸಿಗೆ ಏಳು ತುಂಬಿದ ಬೇಸಿಗೆಯಲ್ಲೇ ಅವಳ ಅವ್ವ ಕೆಜಾಯಾ ಕ್ಷಯದಿಂದ ಹಾಸಿಗೆ ಹಿಡಿದಳು. ಅಪ್ಪ ಊರ ಗಂಡಸರ ಜೊತೆ ಉತ್ತರದ ಲ್ಯಾಬ್ರಡಾರ್ ಕಡೆಗೆ ಮೀನು ಹಿಡಿಯಲು ಹಡಗು ಹತ್ತಿಯಾಗಿತ್ತು. ಅಕ್ಟೋಬರ್ ಕಳೆಯದೆ ಬರುವವನಲ್ಲ. ಮನೆಯಲ್ಲಿ ಉಳಿದವರು ಡ್ರೂಸಿ, ಐದು ತಿಂಗಳ ತಮ್ಮ ಓಬೆಡ್, ಮತ್ತೆ ಗೇಣು ತೆರೆದ ಬಾಗಿಲಿನಾಚೆ ಕೆಮ್ಮುತ್ತ ಮಲಗಿದ ಅವ್ವ.

ದೋಣಿಯಲ್ಲಿ ಬಂದ ನರ್ಸಮ್ಮ ಮಗುವನ್ನು ಪಟ್ಟಣದ ಅನಾಥಾಲಯಕ್ಕೆ ಕೊಟ್ಟುಬಿಡಿ ಅಂದಳು. ಕೆಜಾಯಾ ಒಳಗಿಂದಲೇ ಕೈ ಮುಗಿದಳು. "ಅವರಪ್ಪ ಬರೋವರೆಗಾದರೂ ಬಿಡಿ ತಾಯಿ. ನನ್ನ ಮಗಳು ನೋಡ್ಕೋತಾಳೆ."

"ಈ ಚೋಟುದ್ದದವಳಾ?"

"ಚೋಟುದ್ದ ಇದ್ದರೇನು, ಹೇಳಿದ್ದನ್ನ ಮರೆಯೋ ಜಾತಿಯಲ್ಲ ಅದು."

ನರ್ಸಮ್ಮ ಡ್ರೂಸಿಯ ಬೆರಳುಗಳನ್ನೇ ಹಿಡಿದು ಮಡಚಿಸಿದಳು. ಅವ್ವನ ಲೋಟ, ಅವ್ವನ ತಟ್ಟೆ, ಅವ್ವನ ಚಮಚ, ಅವ್ವ ಬಾಯೊರೆಸುವ ಬಟ್ಟೆ. ಈ ನಾಲ್ಕು ಮಗುವಿನ ಹತ್ತಿರ ಸುಳಿಯಬಾರದು. ಗಡಿಯಾರದ ದೊಡ್ಡ ಮುಳ್ಳು ಮೂರರಿಂದ ಆರಕ್ಕೆ ಬರುವವರೆಗೆ ಬೇರೆ ಪಾತ್ರೆಯಲ್ಲಿ ಕುದಿಸಬೇಕು. "ಸೆಪ್ಟೆಂಬರಿನಲ್ಲಿ ಬರ್ತೀನಿ. ಮಗು ನೆಟ್ಟಗಿದ್ದರೆ ನಿಮ್ಮದು. ಇಲ್ಲದಿದ್ದರೆ ನಾನು ಕೇಳೋದಿಲ್ಲ, ಎತ್ಕೊಂಡು ಹೋಗ್ತೀನಿ."

ಡ್ರೂಸಿ ಗಡಿಯಾರ ನೋಡಲು ಕಲಿತದ್ದು ಹಾಗೆ. ಆ ವರ್ಷ ಊರಿಗೆ ಮೇಷ್ಟ್ರು ಬರಲಿಲ್ಲ, ಬಂದಿದ್ದರೂ ಅವಳು ಹೋಗುವ ಹಾಗಿರಲಿಲ್ಲ. ಕೆಜಾಯಾ ಮಲಗಿದಲ್ಲಿಂದಲೇ ಪಾಠ ಹೇಳಿದಳು. ಒಂದು ರೊಟ್ಟಿಗೆ ಮೂರು ಬೊಗಸೆ ಹಿಟ್ಟಾದರೆ ನಾಲ್ಕಕ್ಕೆ ಎಷ್ಟೇ? ಮೇಕೆ ಹಾಲು ಇವತ್ತು ಅರ್ಧ ಲೋಟ ಕಮ್ಮಿಯಾದರೆ ನೀರೆಷ್ಟು ಬೆರೆಸ್ತೀಯ? ಅಡುಗೆಮನೆಯ ಹಲಗೆಗೋಡೆಗೆ ಚಳಿ ನುಗ್ಗದಂತೆ ಹಳೇ ಪತ್ರಿಕೆ ಅಂಟಿಸಿದ್ದವಳು ಅವಳೇ. ಯಾವ ಸಾಲು ಎಲ್ಲಿದೆ ಅಂತ ಅವಳಿಗೆ ಬಾಯಿಪಾಠ.

"ಒಲೆಯ ಎಡಗಡೆ, ಮೇಲಿಂದ ಮೂರನೇ ಸಾಲು. ಓದು ನೋಡೋಣ."

"ಅವ್ವಾ, ಅದು ತಲೆಕೆಳಗಾಗಿದೆ!"

"ಅಂಟಿಸೋ ದಿನ ನಿಮ್ಮಪ್ಪನ ಮೇಲೆ ಸಿಟ್ಟಿತ್ತು. ಕತ್ತು ತಿರುಗಿಸಿ ಓದು."

ಪಕ್ಕದ ಮನೆಯ ಟ್ರೈಫೀನಾ ದೊಡ್ಡಮ್ಮ ಹಿಟ್ಟು ನಾದಿಕೊಡಲು ಬಂದಾಗ ನಗುತ್ತಿದ್ದಳು. "ಲೇ, ಇವಳು ನಾಳೆ ಬೈಬಲ್ಲನ್ನೂ ತಲೆಕೆಳಗೆ ಹಿಡೀತಾಳೆ ಕಣೇ!" ಒಳಗೆ ಅವ್ವ ನಗಲು ಹೋಗಿ ಕೆಮ್ಮಿಗೆ ಸಿಕ್ಕಿಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಓಬೆಡ್‌ಗೆ ಹಲ್ಲು ಬರಲು ಶುರುವಾಯಿತು. ಒಂದು ಬೆಳಗ್ಗೆ ಅವನ ಅಳು ನಿಲ್ಲಲೇ ಇಲ್ಲ. ಹೊರಗೆ ಮೋಡ ಕಟ್ಟುತ್ತಿತ್ತು. ಅಟ್ಟಣೆಯ ಮೇಲೆ ಒಣಹಾಕಿದ ಉಪ್ಪುಮೀನು ನೆನೆಯುವ ಮೊದಲು ರಾಶಿ ಮಾಡಲು ದೊಡ್ಡಮ್ಮ ಕೂಗುತ್ತಿದ್ದಳು. ಡ್ರೂಸಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ತಾನೂ ಅಳತೊಡಗಿದಳು.

"ಒಂದು ಚೂರು ರೊಟ್ಟಿ, ಕಾಕಂಬಿ, ಒಗೆದ ಬಟ್ಟೆ ತುಂಡು ತಾ ಮರಿ," ಅಂದಳು ಕೆಜಾಯಾ.

ರೊಟ್ಟಿಯನ್ನು ಕಾಕಂಬಿಯ ಸಿಹಿಪಾಕದಲ್ಲಿ ಅದ್ದಿ, ಬಾಯಲ್ಲಿ ಮೆತ್ತಗೆ ಅಗಿದು, ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಬಾಗಿಲ ಸಂದಿಯಿಂದ ಚಾಚಿದಳು. ಆ ಊರಿನ ಕೂಸುಗಳೆಲ್ಲ ಅವರವರ ತಾಯಿ ಅಗಿದ ಗಂಟನ್ನೇ ಚೀಪಿ ಬೆಳೆದವು, ಡ್ರೂಸಿಯೂ. ಜ್ವರದಲ್ಲಿ ಬೇಯುತ್ತಿದ್ದ ಕೆಜಾಯಾಗೆ ಮಗುವಿನ ಅಳು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಡ್ರೂಸಿ ಮನಸ್ಸಿನಲ್ಲೇ ಬೆರಳು ಮಡಚಿದಳು. ಲೋಟವಲ್ಲ, ತಟ್ಟೆಯಲ್ಲ, ಚಮಚವಲ್ಲ, ಬಾಯೊರೆಸುವ ಬಟ್ಟೆಯೂ ಅಲ್ಲ. ಕೊಟ್ಟಳು. ಓಬೆಡ್ ತೆಪ್ಪಗಾದ. ಅಂದಿನಿಂದ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು.

ಸೆಪ್ಟೆಂಬರಿನಲ್ಲಿ ನರ್ಸಮ್ಮ ಬಂದಾಗ ಅವ್ವನ ಸಾಮಾನುಗಳು ಬೇರೆ ಕಪಾಟಿನಲ್ಲಿ ಫಳಫಳ ಅನ್ನುತ್ತಿದ್ದವು. "ಭೇಷ್," ಅಂದಳು. ಆಮೇಲೆ ಮಗುವನ್ನು ಎತ್ತಿಕೊಂಡಳು. ಹಕ್ಕಿಯ ಹಾಗೆ ಹಗುರ, ಮೈ ಸುಡುತ್ತಿತ್ತು, ಕಣ್ಣು ಎಲ್ಲೋ. ಮುಷ್ಟಿಯಲ್ಲಿ ಗಂಟು.

ನರ್ಸಮ್ಮ ಅದನ್ನು ಬಿಡಿಸಿ ಮೂಸಿದಳು. "ಇದನ್ನ ಅಗಿದವರು ಯಾರು?"

ಆ ಮುಖ ನೋಡಿದ ಕೂಡಲೇ ಡ್ರೂಸಿಗೆ ಎಲ್ಲ ತಿಳಿದುಹೋಯಿತು. "ನಾನು," ಅಂದಳು.

"ಬಾಯಿ ತೆಗಿ." ಮುಂದಿನ ಹಲ್ಲೆಲ್ಲ ಬಿದ್ದು ಬೊಚ್ಚುಬಾಯಿ. "ಯಾವ ಹಲ್ಲಲ್ಲಿ ಅಗಿದೆಯೇ?"

ಬಾಗಿಲಿನಾಚೆಯಿಂದ ಅವ್ವನ ದನಿ ಬಂತು. "ಅವಳನ್ನ ಬಿಡಿ, ನರ್ಸಮ್ಮ. ಅಗಿದವಳು ನಾನು."

ನರ್ಸಮ್ಮ ಬೆಂಚಿನ ಮೇಲೆ ಕೂತುಬಿಟ್ಟಳು. "ನಾನು ಎಂಜಲಿನ ಮಾತು ಹೇಳಲೇ ಇಲ್ಲವಲ್ಲ," ಅಂದಳು, ಯಾರಿಗೂ ಅಲ್ಲ ಅನ್ನುವ ಹಾಗೆ. ಆಮೇಲೆ ಎದ್ದು ಮಗುವನ್ನು ಕಂಬಳಿಯಲ್ಲಿ ಸುತ್ತಿ ಪಟ್ಟಣದ ಆಸ್ಪತ್ರೆಗೆ ಹೊರಟಳು. ಕೆಜಾಯಾ ಮಗುವನ್ನು ಕೊಡಿ ಅಂತ ಕೇಳಲಿಲ್ಲ. ಬಾಗಿಲನ್ನು ಪೂರ್ತಿ ಮುಚ್ಚು ಅಂದಳು, ಅಷ್ಟೇ.

ಹದಿನಾರು ದಿನಕ್ಕೆ ಆಸ್ಪತ್ರೆಯಿಂದ ತಂತಿ ಬಂತು. ತಂದುಕೊಟ್ಟ ಟಪಾಲಿನವನು ಟೋಪಿ ತೆಗೆದು, "ದೊಡ್ಡಮ್ಮನ್ನ ಕರೀಲಾ ಮಗಾ?" ಅಂದ. "ಬೇಡ, ನನಗೆ ಓದೋಕೆ ಬರುತ್ತೆ," ಅಂದಳು ಡ್ರೂಸಿ.

"ಯಾರೇ ಅದು?"

"ತಂತಿ, ಅವ್ವಾ."

ಒಳಗೆ ಹಾಸಿಗೆ ಕಿರುಗುಟ್ಟಿತು. "ಬಾಗಿಲು ತೆಗೆದು ಓದು. ಇರೋದನ್ನ ಇದ್ದ ಹಾಗೇ ಓದು. ನನ್ನ ಸಲುವಾಗಿ ಸುಳ್ಳು ಹೇಳಬೇಡ."

ವಿಳಾಸದಲ್ಲಿದ್ದ ಅಪ್ಪನ ಹೆಸರು ಓದಿದಳು. ಓಬೆಡ್ ಅಂತ ಓದಿದಳು. ಭಾನುವಾರ ಅನ್ನುವುದನ್ನೂ ಓದಿದಳು. ನಡುವಿನ ಒಂದು ಪದ ಮಾತ್ರ ಗೋಡೆಯ ಮೇಲೆ ಎಲ್ಲೂ ಕಂಡದ್ದಲ್ಲ. ಅವ್ವ ಕಲಿಸಿದ್ದ ಹಾಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಗಿ ಹೇಳಿದಳು. ಕೊನೆಯ ಅಕ್ಷರ ಮುಗಿದ ಮೇಲೆ ಕೆಜಾಯಾ ಅವನ್ನೆಲ್ಲ ಕೂಡಿಸಿ ಆ ಪದವನ್ನು ತಾನೇ ಹೇಳಿದಳು.

"ತೀರಿಕೊಂಡ ಅಂತ ಮಗಳೇ."