ಟವೆಲ್ ಹಾಕಿದ ಸೀಟು

ವಿಮಾನದಲ್ಲಿ ಸದಾ ಓಡಾಡುವ ಪರಿಚಯದವರೊಬ್ಬರು ಮೊನ್ನೆ ಫೇಸ್‌ಬುಕ್ಕಿನಲ್ಲಿ ಉದ್ದಕ್ಕೆ ಬರೆದಿದ್ದರು. ಬಿಸಿನೆಸ್ ಕ್ಲಾಸು ಮೊದಲಿನ ಹಾಗಿಲ್ಲವಂತೆ. ಕೂತ ಕೂಡಲೇ ಬಿಸಿ ಟವೆಲ್ ತಂದುಕೊಡುತ್ತಿದ್ದವರು ಈಗ ಒದ್ದೆ ಕಾಗದ ಕೊಟ್ಟು ಹೋಗುತ್ತಾರಂತೆ. ಕೆಳಗೆ ಅವರಂಥ ಖಾಯಂ ಪ್ರಯಾಣಿಕರ ಗೋಳು. ಒಬ್ಬರಿಗೆ ಊಟದ ತಟ್ಟೆ ಚಿಕ್ಕದಾಗಿದೆ, ಇನ್ನೊಬ್ಬರಿಗೆ ದಿಂಬು ತೆಳ್ಳಗಾಗಿದೆ. ಓದಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮುಂದಿನ ಸೀಟು, ಟವೆಲ್ಲು, ಖಾಯಂ ಗಿರಾಕಿಗಳ ಗೊಣಗಾಟ ಅಂದರೆ ನನಗೆ ನೆನಪಾಗುವುದು ನಮ್ಮೂರು ಹೊಸನಗರದ ಬಸ್‌ಸ್ಟ್ಯಾಂಡು.

ಎಪ್ಪತ್ತರ ದಶಕದ ಕೊನೆಯ ಮಾತು. ಸಾಗರದಿಂದ ಬೆಳಿಗ್ಗೆ ಹೊರಟು ಹೊಸನಗರ, ರಿಪ್ಪನ್‌ಪೇಟೆ, ಕೋಣಂದೂರು ಮೇಲೆ ತೀರ್ಥಹಳ್ಳಿಗೆ ಹೋಗುವ ಒಂದು ಪ್ರೈವೇಟ್ ಬಸ್ಸಿತ್ತು. ಡ್ರೈವರ್ ಹಿಂದಿನ ಎರಡು ಸಾಲಿಗೆ ಮಾತ್ರ ದಪ್ಪ ಮೆತ್ತೆ. ಅಲ್ಲಿಂದಾಚೆ ಹಲಗೆಯ ಮೇಲೆ ರೆಕ್ಸಿನ್ ಬಡಿದಿದ್ದರು ಅಷ್ಟೆ. ಕಟ್ಟಕಡೆಯ ಉದ್ದ ಸೀಟಿನಲ್ಲಿ ಕೂತವರು ಗುಂಡಿ ಬಂದಾಗಲೆಲ್ಲ ಮೇಲೆ ಹಾರಿ ದಬಕ್ಕನೆ ಕೆಳಗೆ ಬೀಳುತ್ತಿದ್ದರು. ನಮಗೆ ಮಕ್ಕಳಿಗೆ ಅದೊಂದು ಆಟ. ದೊಡ್ಡವರಿಗೆ ಸೊಂಟ ನೋವು.

ಟಿಕೆಟ್ಟಿನ ದರ ಎಲ್ಲ ಸೀಟಿಗೂ ಒಂದೇ. ಆದರೂ ಮುಂದಿನ ಎರಡು ಸಾಲು ಹಳೇ ಗಿರಾಕಿಗಳದ್ದು. ದಿನಾ ಹೋಗಿಬರುವ ಇವರ ಟವೆಲ್ಲುಗಳು ಬಸ್ಸಿನಲ್ಲೇ ಇರುತ್ತಿದ್ದವು. ಹಳೇ ಕಂಡಕ್ಟರು ಸಾಗರದಲ್ಲೇ ಅವನ್ನು ತೆಗೆದು ಅವರವರ ಸೀಟಿನ ಬೆನ್ನಿಗೆ ಹಾಕಿಬಿಡುತ್ತಿದ್ದ. ಸಾಗರದ ಅಡಿಕೆ ಮಂಡಿಯ ಸಾಹುಕಾರರದು ಕೆಂಪು ಅಂಚಿನದು. ನಮ್ಮೂರ ವಕೀಲರದು ಹಸಿರು ಪಟ್ಟೆಯದು. ನಮ್ಮ ಅಪ್ಪಯ್ಯನದು ನೀಲಿ ಚೌಕುಳಿ. ಅಪ್ಪಯ್ಯ ಸಾಹುಕಾರನೂ ಅಲ್ಲ, ವಕೀಲನೂ ಅಲ್ಲ. ತೀರ್ಥಹಳ್ಳಿ ಕೋರ್ಟಿನ ಎದುರು ಟೈಪ್ ಮಷಿನ್ ಇಟ್ಟುಕೊಂಡು ಕೂರುತ್ತಿದ್ದವನು. ಆದರೆ ಬಸ್ಸು ಶುರುವಾದ ದಿನದಿಂದ ಹತ್ತಿದವನು ಅಂತ ಅವನಿಗೂ ಒಂದು ಸೀಟು.

ಟವೆಲ್ ಇದ್ದ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಜನ ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದರೂ ಆ ಸೀಟು ಖಾಲಿಯೇ ಬರುತ್ತಿತ್ತು. ಯಾರೂ ಹೆದರಿಸಿದ್ದಲ್ಲ. ಟವೆಲ್ ಬಿದ್ದಿದೆ ಅಂದರೆ ಮನುಷ್ಯನೇ ಕೂತ ಲೆಕ್ಕ. ಅದನ್ನು ಸರಿಸಿ ಕೂರುವುದು ಬೇರೆಯವರ ಎಲೆಗೆ ಕೈ ಹಾಕಿದ ಹಾಗೆ.

ಆ ವರ್ಷ ಅಮ್ಮ ಬಸುರಿ. ನಾನು ಹುಟ್ಟಿದ ಮೇಲೆ ಎರಡು ಸಲ ಹೊಟ್ಟೆ ನಿಂತಿರಲಿಲ್ಲ. ತೀರ್ಥಹಳ್ಳಿಯ ಲೇಡಿ ಡಾಕ್ಟರು ಈ ಸಲ ವಾರಕ್ಕೊಂದು ಇಂಜೆಕ್ಷನ್ ಬರೆದಿದ್ದರು. ಅದನ್ನು ಅವರಲ್ಲೇ ಹೋಗಿ ಚುಚ್ಚಿಸಿಕೊಳ್ಳಬೇಕು. ಮೊದಲ ದಿನವೇ ಅವರು ಅಪ್ಪಯ್ಯನಿಗೆ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಬಸ್ಸಲ್ಲಿ ಮುಂದೆ ಕೂರ್ಸಿ ಕರ್ಕೊಂಡ್ ಬರೋದಾದ್ರೆ ಬನ್ನಿ. ಹಿಂದೆ ಕೂತು ಕುಲುಕಾಡ್ಕೊಂಡು ಬರೋದಾದ್ರೆ ಬರೋದೇ ಬೇಡ."

ಹಾಗಾಗಿ ಇಂಜೆಕ್ಷನ್ ದಿನ ನೀಲಿ ಚೌಕುಳಿಯ ಸೀಟಿನಲ್ಲಿ ಅಮ್ಮ ಕೂರುತ್ತಿದ್ದಳು, ಅಪ್ಪಯ್ಯ ಡ್ರೈವರ್ ಪಕ್ಕ ನಿಂತು ಬರುತ್ತಿದ್ದ. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ. ಎರಡು ಸಲ ಊರಿಗೆಲ್ಲ ಹೇಳಿ, ಎರಡು ಸಲವೂ ಬಂದವರ ಮುಂದೆ ಮುಖ ತಗ್ಗಿಸಿ ಕೂತಿದ್ದ ಅಮ್ಮ, ಈ ಸಲ ಹೊಟ್ಟೆ ಕಾಣುವವರೆಗೂ ಬಾಯಿ ಬಿಡುವುದಿಲ್ಲ ಅಂದಿದ್ದಳು.

ಅಷ್ಟರಲ್ಲಿ ಬಸ್ಸಿನ ಹಳೇ ಯಜಮಾನರು ಹಾಸಿಗೆ ಹಿಡಿದು ಮಗ ಜವಾಬ್ದಾರಿ ತೆಗೆದುಕೊಂಡ. ಮುಂದಿನ ಸಾಲಿನವರಿಗೆ ಬರುತ್ತಿದ್ದ ಪೇಪರ್ ಮೊದಲು ನಿಂತಿತು. ಆಮೇಲೆ ಹೊಸನಗರದಲ್ಲಿ ಹೋಟೆಲಿನಿಂದ ಕಿಟಕಿಗೇ ಬರುತ್ತಿದ್ದ ಕಾಫಿ ನಿಂತಿತು. ಸಾಹುಕಾರರೂ ವಕೀಲರೂ ದಾರಿಯುದ್ದಕ್ಕೂ ಅದನ್ನೇ ಅರೆಯುತ್ತಿದ್ದರು.

"ಎಂತ ವಕೀಲ್ರೆ, ಕಾಫಿನೂ ಇಲ್ಲ ಅಂತಾಯ್ತಲ್ಲ?"

"ಇವತ್ತು ಕಾಫಿ ಸಾಹುಕಾರ್ರೆ. ನಾಳೆ ಚಕ್ರಾನೂ ಬಿಚ್ಚಿಟ್ಕಳ್ತಾನೆ, ಎಲ್ರೂ ಇಳ್ದು ದೂಡಿ ಅಂತಾನೆ ನೋಡ್ತಿರಿ."

"ದೂಡಾದಾದ್ರೂ ನಾವ್ ಮುಂದಿನ್ ಸೀಟಿನವ್ರು ಮುಂದೆ ನಿಂತೇ ದೂಡ್ಬೇಕು ಮಾರಾಯ್ರೆ. ಮರ್ಯಾದೆ ಪ್ರಶ್ನೆ."

ಬಸ್ಸೆಲ್ಲ ನಗುತ್ತಿತ್ತು. ಅಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಹೊಸ ಯಜಮಾನ ಒಮ್ಮೆ ಬೊಂಬಾಯಿಗೆ ವಿಮಾನದಲ್ಲಿ ಹೋಗಿಬಂದ. ಬಂದವನೇ ಹಳೇ ಕಂಡಕ್ಟರನ್ನು ಬೇರೆ ಲೈನಿಗೆ ಹಾಕಿ, ಶಿವಮೊಗ್ಗದ ಕಡೆಯ ಒಬ್ಬನಿಗೆ ಖಾಕಿ ಬಟ್ಟೆ ಹೊಲಿಸಿ ಈ ಬಸ್ಸಿಗೆ ಹತ್ತಿಸಿದ. ಮಾಸಿದ ಟವೆಲ್ಲುಗಳನ್ನೆಲ್ಲ ಗಂಟು ಕಟ್ಟಿ ಶೆಡ್ಡಿಗೆ ಹಾಕಿಸಿದ. ಮತ್ತೆ ಇನ್ನೂ ಒಂದು ಕೆಲಸ ಮಾಡಿದ. ಅದು ನಮಗೆ ಗೊತ್ತಾಗುವಾಗ ತಡವಾಗಿತ್ತು.

ಆ ವಾರ ಇಂಜೆಕ್ಷನ್ ದಿನ ಅಪ್ಪಯ್ಯ ಊರಲ್ಲಿರಲಿಲ್ಲ. ಮಷಿನ್ ರಿಪೇರಿಗೆ ಅಂತ ಹಿಂದಿನ ದಿನವೇ ಶಿವಮೊಗ್ಗಕ್ಕೆ ಹೋಗಿದ್ದ. "ಟವೆಲ್ ಹಾಕಿರ್ತಾರೆ, ಹೋಗಿ ಕೂತ್ಕ, ಅಷ್ಟೆ" ಅಂದಿದ್ದ. ಅಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದಳು.

ಹತ್ತಿ ನೋಡಿದರೆ ಮುಂದಿನ ಎರಡೂ ಸಾಲು ಪೂರ್ತಿ ಖಾಲಿ. ನೀಲಿ ಚೌಕುಳಿ ಇಲ್ಲ, ಕೆಂಪು ಅಂಚಿಲ್ಲ. ಪ್ರತಿ ಸೀಟಿನ ಬೆನ್ನಿಗೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಒಂದೊಂದು ಬಿಳೀ ಬಟ್ಟೆ. ಸಾಗರದಿಂದಲೇ ಬಂದಿದ್ದ ಸಾಹುಕಾರರು ಮೂರನೇ ಸಾಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ನಮ್ಮ ಜೊತೆ ಹತ್ತಿದ ವಕೀಲರು ಬಾಗಿಲಲ್ಲೇ ನಿಂತುಬಿಟ್ಟರು.

"ಇದೆಂತ ಸಾಹುಕಾರ್ರೆ, ನೀವ್ ಇಲ್ಲಿ?"

"ಎಂತ ಹೇಳಾದು. ಎಲ್ಲಾ ಸೀಟಿಗೂ ಟವೆಲ್ ಬಿದ್ದಿದೆ ನೋಡಿ. ಯಾವುದೋ ಮಂತ್ರಿ ದಿಬ್ಬಣ ಕಾಣ್ತದೆ. ನಲವತ್ತು ಮೂಟೆ ಅಡಿಕೆ ಲಾರಿಗೆ ಹಾಕೋ ನಾನು ಹಲಗೆ ಮೇಲೆ ಕೂತಿದೀನಿ. ಬನ್ನಿ, ಇಲ್ಲೇ ಒತ್ತಿ ಕೂರಿ."

ಅಮ್ಮ ಮಾತ್ರ ಅಲ್ಲೇ ನಿಂತಳು. ಟಿಕೆಟ್ ಹರಿಯುತ್ತಾ ಬಂದ ಹೊಸ ಕಂಡಕ್ಟರನಿಗೆ ಅಪ್ಪಯ್ಯನ ಸೀಟಿನ ಮೇಲಿದ್ದ ಬಟ್ಟೆ ತೋರಿಸಿ ಕೇಳಿದಳು.

"ಇದು ಯಾರ್ದು?"

"ಓನರ್ದು ಅಮ್ಮ" ಅಂದ ಅವನು. "ಕೊಳೆ ಮಾಡ್ಬಾರ್ದು ಅಂದಿದಾರೆ."

ಅವನು ಬಟ್ಟೆಯ ಮಾತು ಹೇಳಿದ. ಅಮ್ಮ ಕೇಳಿದ್ದು ಸೀಟಿನ ಮಾತು. ಅವನದೂ ಸುಳ್ಳಲ್ಲ, ಇವಳದೂ ದಡ್ಡತನವಲ್ಲ.

"ಕೇಳಿದ್ರಾ, ಓನರ್ ಕಡೆಯವ್ರು ಮುಂದೆ ಹತ್ತಾದಂತೆ" ಅಂದರು ವಕೀಲರು. ಸಾಹುಕಾರರು ಅಮ್ಮನ ಕಡೆ ತಿರುಗಿ, "ಹಿಂದೆ ಖಾಲಿ ಇದೆ ನೋಡಿ ತಂಗಿ, ಬೇಗ ಹೋಗಿ ಹಿಡ್ಕಳಿ" ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದರು. ಅಮ್ಮ ಒಂದು ಮಾತು ಹೇಳಿದ್ದರೆ ಅವರು ಎದ್ದು ನಿಂತುಕೊಂಡೇ ತೀರ್ಥಹಳ್ಳಿಯವರೆಗೆ ಬರುತ್ತಿದ್ದರು. ಆ ಒಂದು ಮಾತನ್ನು ಗಂಡಸರ ಎದುರು, ಬಸ್ಸಿನ ನಡುವೆ, ಹೇಗೆ ಹೇಳುವುದು?

ಇಳಿದುಬಿಡೋಣವೇ ಅಂತ ಅವಳು ಬಾಗಿಲ ಕಡೆ ನೋಡಿದ್ದು ನನಗೆ ಗೊತ್ತು. ಇಳಿದರೆ ಇಂಜೆಕ್ಷನ್ ತಪ್ಪುತ್ತದೆ. ನನ್ನ ಕೈ ಹಿಡಿದು ಹಿಂದಕ್ಕೆ ನಡೆದಳು. ಕಟ್ಟಕಡೆಯ ಉದ್ದ ಸೀಟು.

ರಿಪ್ಪನ್‌ಪೇಟೆ ಬಂತು. ಓನರ್ ಕಡೆಯವರು ಯಾರೂ ಹತ್ತಲಿಲ್ಲ. ಆ ವರ್ಷ ಮಳೆಗೆ ಕಿತ್ತುಹೋದ ರಸ್ತೆಗೆ ಬರೀ ಜಲ್ಲಿ ಸುರಿದು ಬಿಟ್ಟಿದ್ದರು. ಅಮ್ಮ ಎರಡೂ ಕೈ ಸೀಟಿಗೆ ಊರಿ ಮೈಯನ್ನು ಎತ್ತಿ ಹಿಡಿದುಕೊಂಡಿದ್ದಳು. ಬಸ್ಸು ಎಗರಿದಾಗ ತಾನು ಎಗರಬಾರದು ಅಂತ. ಎಷ್ಟು ಹೊತ್ತು ಹಾಗೆ ಹಿಡಿಯಲು ಆಗುತ್ತದೆ? ಕೋಣಂದೂರಿನಲ್ಲೂ ಯಾರೂ ಬರಲಿಲ್ಲ. ನಿಂತ ಜನದ ಕಾಲುಗಳ ಸಂದಿಯಲ್ಲಿ ನನಗೆ ದೂರದಲ್ಲಿ ಆ ಬಿಳೀ ಬಟ್ಟೆಗಳು ಕಾಣುತ್ತಿದ್ದವು. ಅಷ್ಟು ಜನ ನಿಂತಿದ್ದರು, ಒಬ್ಬರೂ ಹೋಗಿ ಕೂರಲಿಲ್ಲ. ಖಾಲಿ ಮೆತ್ತೆಗಳು ಆರಾಮಾಗಿ ತೀರ್ಥಹಳ್ಳಿಗೆ ಹೋಗುತ್ತಿದ್ದವು.

ಕೋಣಂದೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಅಮ್ಮ ಕೈ ಊರುವುದನ್ನು ಬಿಟ್ಟುಬಿಟ್ಟಳು. ಸುಮ್ಮನೆ ಕಿಟಕಿಯ ಆಚೆ ನೋಡುತ್ತಾ ಕೂತಳು.

ತೀರ್ಥಹಳ್ಳಿಯಲ್ಲಿ ಎಲ್ಲರೂ ಇಳಿಯುವವರೆಗೆ ಅವಳು ಏಳಲಿಲ್ಲ.

"ನನ್ ಹಿಂದೇ ಬಾರೆ. ಮೈಗೆ ಅಂಟ್ಕಂಡೇ ಬಾ. ದೂರ ಹೋಗ್ಬೇಡ" ಅಂದಳು.

ಬಸ್‌ಸ್ಟ್ಯಾಂಡಿನಿಂದ ಡಾಕ್ಟರ ಮನೆಯವರೆಗೆ ನಾನು ಅವಳ ಸೀರೆಗೆ ಅಂಟಿಕೊಂಡು, ಚೀಲವನ್ನು ಅವಳ ಬೆನ್ನ ಕೆಳಗೆ ಅಡ್ಡ ಹಿಡಿದು ನಡೆದೆ. ಯಾಕೆ ಅಂತ ನಡೆಯುವಾಗಲೇ ನನಗೆ ಕಂಡಿತ್ತು.

ಒಳಗಿನಿಂದ ಡಾಕ್ಟರ ದನಿ ಕೇಳುತ್ತಿತ್ತು.

"ಎಲ್ಲಿ ಕೂತು ಬಂದ್ರಿ?"

"ಹಿಂದೆ."

"ಯಾಕಮ್ಮಾ? ಮುಂದೆ ಸೀಟಿರ್ಲಿಲ್ವಾ?"

"ಇತ್ತು. ಟವೆಲ್ ಹಾಕಿದ್ರು."

ಆ ಬಸಿರು ಹೇಗಿದ್ದರೂ ನಿಲ್ಲುತ್ತಿರಲಿಲ್ಲವೇನೋ, ಬಸ್ಸಿನದೇ ತಪ್ಪು ಅಂತ ಹೇಳಲಾಗದು ಅಂತ ಡಾಕ್ಟರು ಅಪ್ಪಯ್ಯನಿಗೆ ಆಮೇಲೆ ಸಮಾಧಾನ ಹೇಳಿದರಂತೆ. ಇರಬಹುದು. ಅಮ್ಮನಿಗೆ ಆ ಸಮಾಧಾನ ಯಾವತ್ತೂ ಹತ್ತಲಿಲ್ಲ.

ಇತ್ತ ಬಸ್ಸಿನಲ್ಲಿ ಬಟ್ಟೆಯ ಗುಟ್ಟು ಅವತ್ತು ಸಂಜೆಯೇ ಹೊರಬಿದ್ದಿತ್ತು. ಅಮ್ಮನ ವಿಷಯ ಯಾರಿಗೂ ಗೊತ್ತಿಲ್ಲ, ಜ್ವರ ಅಂತ ಅಪ್ಪಯ್ಯ ಹೇಳಿದ್ದ. ಆ ವಾರ ನನ್ನನ್ನು ಕರೆದುಕೊಂಡು ಅವನು ತೀರ್ಥಹಳ್ಳಿಗೆ ಔಷಧಿ ತರಲು ಹೋದಾಗ ಮುಂದಿನ ಸಾಲಿನಲ್ಲಿ ಅದೇ ಕತೆ.

"ತಲೆ ಆನ್ಸಾಕಂತೆ ಮಾರಾಯ್ರೆ ಅದು! ವಿಮಾನದಲ್ಲಿ ಹಂಗೇ ಹಾಕ್ತಾರಂತೆ!" ಸಾಹುಕಾರರಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. "ನಾವೆಲ್ಲ ಮಂತ್ರಿ ಬರ್ತಾನೆ ಅಂತ ಬಾಗ್ಲು ನೋಡಿದ್ದೇ ನೋಡಿದ್ದು!"

"ವಿಮಾನದವ್ರು ಗಂಜಿ ಇಷ್ಟು ಹಾಕಲ್ಲ ಬಿಡಿ" ಅಂದರು ವಕೀಲರು. "ಕುತ್ಗೆ ಕೆರೀತದೆ. ಇದ್ಕಿಂತ ಕಾಫಿ ಕೊಟ್ಟಿದ್ರೆ ಆಗ್ತಿತ್ತು." ಆಮೇಲೆ ಅಪ್ಪಯ್ಯನ ತೊಡೆ ತಟ್ಟಿದರು. "ನಿಮ್ಮನೆಯವ್ರೂ ಮೋಸ ಹೋದ್ರು ಮಾರಾಯ. ಹಿಂದಿನ್ ಸೀಟಲ್ಲಿ ಕೂತು ಕುಣ್ಕೊಂಡು ಬಂದ್ರು ಪಾಪ!"

ಅಪ್ಪಯ್ಯ ನಕ್ಕ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬಾಯಿ ಮಾತ್ರ ನಕ್ಕಿತು.

ಬಿಳೀ ಬಟ್ಟೆ ಹೆಚ್ಚು ದಿನ ಬಾಳಲಿಲ್ಲ. ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಹತ್ತಿ ಹಳದಿಯಾಯಿತು. ಯಾರೋ ಸುಣ್ಣದ ಬೆರಳು ಒರೆಸಿದರು. ಯಜಮಾನನಿಗೆ ಬೇಜಾರಾಗಿ ಎಲ್ಲ ತೆಗೆಸಿಬಿಟ್ಟ. ಶೆಡ್ಡಿನ ಗಂಟು ಬಿಚ್ಚಿ ಹಳೇ ಟವೆಲ್ಲುಗಳು ವಾಪಸು ಬಂದವು. ಮುಂದಿನ ಸಾಲಿನವರು ಗೆದ್ದೆವು ಅಂತ ಹಿಗ್ಗಿದರು.

ಅಮ್ಮ ಮತ್ತೆ ಬಸ್ಸು ಹತ್ತಿದ್ದು ಅದಾದ ಮೇಲೆ, ಡಾಕ್ಟರಿಗೆ ಒಮ್ಮೆ ತೋರಿಸಿಬರಲು. ಅಪ್ಪಯ್ಯ ಮುಂದಾಗಿ ಹೋಗಿ ನೀಲಿ ಚೌಕುಳಿ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು, ಸೀಟು ಒರೆಸಿ ನಿಂತ.

"ಬಾ, ಕೂತ್ಕ."

ಸಾಹುಕಾರರೂ ಕಾಲು ಮಡಚಿ ದಾರಿ ಬಿಟ್ಟರು. "ಕೂತ್ಕಳಿ ತಂಗಿ. ಇವತ್ತು ಮಂತ್ರಿ ಬರಲ್ಲ."

ಅಮ್ಮ ಆ ಮೆತ್ತೆಯನ್ನು ಒಂದು ಕ್ಷಣ ನೋಡಿದಳು.

"ನೀವೇ ಕೂತ್ಕಳಿ" ಅಂದಳು ಅಪ್ಪಯ್ಯನಿಗೆ. "ನಾನಿನ್ನು ಎಲ್ಲಿ ಕೂತ್ರೇನು."

ಸೀಟುಗಳನ್ನು ಹಿಡಿದುಕೊಳ್ಳುತ್ತಾ ಹಿಂದಕ್ಕೆ ಹೋಗಿ, ಆ ಉದ್ದ ಸೀಟಿನ ಅದೇ ಮೂಲೆಯಲ್ಲಿ ಕೂತಳು. ಅಪ್ಪಯ್ಯ ಕೂರಲಿಲ್ಲ. ಟವೆಲ್ಲನ್ನು ಮತ್ತೆ ಸೀಟಿನ ಬೆನ್ನಿಗೆ ಹಾಕಿ, ಡ್ರೈವರ್ ಪಕ್ಕ ಹೋಗಿ ನಿಂತ. ತೀರ್ಥಹಳ್ಳಿಯವರೆಗೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ. ಟವೆಲ್ ಇತ್ತಲ್ಲ.