ಮುಂದಿನ ಬ್ರೇಕ್ ಮುಟ್ಟಬೇಡಿ

ಪುತ್ತೂರಿನ ನನ್ನ ಡ್ರೈವಿಂಗ್ ಸ್ಕೂಲಿಗೆ ಬೈಕ್ ಕಲಿಯಲು ಬಂದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ಮುಂದಿನ ಬ್ರೇಕ್ ಮುಟ್ಟಬೇಡಿ. ನಮ್ಮ ತೋಟದ ದಾರಿಗಳ ಕೆಂಪು ಕೆಸರಿನಲ್ಲಿ ಅದನ್ನು ಹಿಡಿದರೆ ಚಕ್ರ ಜಾರಿ ಮುಖ ಅಡಿಯಾಗಿ ಬೀಳುವುದೇ. ನನಗೆ ಕಲಿಸಿದವರೂ ಹಾಗೆಯೇ ಕಲಿಸಿದ್ದರು. ಮಾತು ಕೇಳದೆ ಅದರ ಮೇಲೆ ಬೆರಳಿಟ್ಟವರ ಕೈಗೆ ಒಂದು ಪೆಟ್ಟು ಕೊಡುತ್ತಿದ್ದೆ. ಸ್ಕೂಲಿನ ಹಳೆಯ, ಹಗುರ ಬೈಕಿಗೆ ಕಾಲಿನಲ್ಲಿ ಒತ್ತುವ ಹಿಂದಿನ ಬ್ರೇಕ್ ಸಾಕಾಗುತ್ತಲೂ ಇತ್ತು. ಎಲ್ಲರೂ ಟೆಸ್ಟಿನಲ್ಲಿ ಆ ಬೈಕಿನಲ್ಲೇ ಎಂಟರ ಆಕಾರ ಸುತ್ತಿ ತೋರಿಸಿ ಲೈಸೆನ್ಸ್ ತೆಗೆದುಕೊಂಡರು. ಲೈಸೆನ್ಸ್ ಕೈಗೆ ಬಂದ ಮೇಲೆ ಎಷ್ಟು ದೊಡ್ಡ ಬೈಕ್ ಓಡಿಸಿದರೂ ಕೇಳುವವರಿಲ್ಲ.

ಅಕ್ಕನ ಮಗಳೂ ಹಾಗೆಯೇ ಪಾಸಾದವಳು. ಪೆರಾಬೆಯ ಮನೆಯಿಂದ ಸುಬ್ರಹ್ಮಣ್ಯದ ಲಾಡ್ಜೊಂದಕ್ಕೆ ಮ್ಯಾನೇಜರ್ ಕೆಲಸಕ್ಕೆ ಹೋಗುತ್ತಿದ್ದಳು. ಗಂಡಸರೇ ಹಿಂದೆಮುಂದೆ ನೋಡುವಂಥ ಭಾರದ ಬೈಕ್ ಬುಕ್ ಮಾಡಿದಳು. ಅಕ್ಕ ಊಟ ಬಿಟ್ಟು ಕೂತಳು. ನಾನೇ ಹೋಗಿ, ಕಲಿಸಿದವನು ನಾನು, ಹೆದರುವುದು ಎಂತಕ್ಕೆ ಎಂದು ಎದೆ ತಟ್ಟಿಕೊಂಡು ಒಪ್ಪಿಸಿದೆ.

ಕೀ ಕೊಡುವಾಗ ಶೋರೂಮಿನವನು, ಇಂಥ ಬೈಕ್ ನಿಲ್ಲಬೇಕಾದರೆ ಮುಂದಿನ ಬ್ರೇಕೇ ಮುಖ್ಯ, ಎರಡನ್ನೂ ಒಟ್ಟಿಗೆ ಹಿಡಿದು ಅಭ್ಯಾಸ ಮಾಡಿಕೊಳ್ಳಿ ಎಂದ. ಅವಳು ನನ್ನ ಮುಖ ನೋಡಿದಳು.

"ಅವ ಹೇಳುದು ಹೇಳಲಿ ಮಾರಾಯ್ತಿ, ನಮ್ಮ ರಸ್ತೆ ಅವನಿಗೆ ಎಂತ ಗೊತ್ತುಂಟು?" ಎಂದೆ. ಅವಳು ನಕ್ಕಳು. ನಾನೂ ನಕ್ಕೆ, ದರಿದ್ರ ನಗು.

ಕಡಬ ದಾಟಿದ ಮೇಲೆ ಒಂದು ತಿರುವಿನಲ್ಲಿ ಯಾತ್ರಿಕರ ಬಸ್ಸು ನಿಂತಿತ್ತು. ಅವಳದ್ದು ವೇಗ ಹೆಚ್ಚೇನೂ ಇರಲಿಲ್ಲ ಎಂದು ಬಸ್ಸಿನ ಡ್ರೈವರನೇ ಆಮೇಲೆ ಹೇಳಿದ. ರಸ್ತೆ ಒಣಗಿತ್ತು. ಆದರೂ ಬೈಕ್ ನಿಲ್ಲಲಿಲ್ಲ. ಬಸ್ಸನ್ನು ತಪ್ಪಿಸಲು ಹೋಗಿ ಮೋರಿಯ ಕಟ್ಟೆಗೆ ಬಡಿದಳು. ತೊಡೆಯ ಮೂಳೆ ಮುರಿದು ರಾಡ್ ಹಾಕಬೇಕಾಯಿತು.

ಆಸ್ಪತ್ರೆಗೆ ಬಂದ ನೆಂಟರೆಲ್ಲ ಹೆಣ್ಣುಮಕ್ಕಳಿಗೆ ಇದೆಲ್ಲ ಬೇಕಿತ್ತಾ ಎಂದರು. ಅಕ್ಕ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ತಮ್ಮ ಸರಿಯಾಗಿ ಕಲಿಸಿದ್ದಕ್ಕೆ ಜೀವವಾದರೂ ಉಳಿಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅದನ್ನು ಕೇಳಿ ಸುಮ್ಮನಿರಲೂ ಆಗದೆ, ಬಾಯಿ ಬಿಡಲೂ ಆಗದೆ, ಚಹಾ ತರುತ್ತೇನೆಂದು ಎದ್ದು ಹೋಗುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಎಲ್ಲರೂ ಹೋದ ಮೇಲೆ ಅಕ್ಕನ ಮಗಳು ಹತ್ತಿರ ಕರೆದಳು.

"ಮಾವ, ನೀವು ಹೇಳಿದ ಹಾಗೇ ಮಾಡಿದ್ದು. ಮುಂದಿನ ಬ್ರೇಕ್ ಮುಟ್ಟಲೇ ಇಲ್ಲ."

ಅದು ದೂರು ಹೇಳಿದ್ದಲ್ಲ. ಹೇಳಿಕೊಟ್ಟದ್ದನ್ನು ಮರೆಯಲಿಲ್ಲ ಎಂದು ಮೇಷ್ಟ್ರಿಗೆ ಪಾಠ ಒಪ್ಪಿಸುವವರ ದನಿ. ತಪ್ಪು ನಿನ್ನದಲ್ಲ, ನನ್ನದು, ಆ ಶೋರೂಮಿನವನು ಹೇಳಿದ್ದೇ ಸರಿ ಎಂದು ಹೇಗೋ ಹೇಳಿ ಮುಗಿಸಿದೆ. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ.

"ಹಾಗಾದ್ರೆ ಕಾಲು ಸರಿಯಾದ ಮೇಲೆ ಆ ಮುಂದಿನ ಬ್ರೇಕ್ ಹಿಡಿಯುದು ಹೇಗೆ ಅಂತ ಕಲಿಸಿ, ಆಯ್ತಾ?"

ಆಯ್ತು ಎನ್ನಲು ಬಾಯಿ ತೆರೆದೆ. ಅಂಥ ಬೈಕನ್ನು ನಾನು ಒಮ್ಮೆಯೂ ಓಡಿಸಿದವನಲ್ಲ.

"ನನಗೇ ಬರುದಿಲ್ಲ ಮಗಳೇ" ಎಂದೆ.