ಪೇಷಂಟಮ್ಮನ ಅಂಗಾಲು

"ನೋಡ್ರಮ್ಮ, ಮಲಗಿರೋದು ಹಗುರದ ಕೆಲಸ ಅಂತ ಮೂಗು ಮುರೀಬೇಡಿ. ಆ ಮೂಲೇಲಿ ಬೊಂಬೆ ಇದೆಯಲ್ಲ, ಅದರ ಮೈಮೇಲೆ ತಣ್ಣೀರು ಸುರಿದ್ರೂ ತುಟಿಪಿಟಕ್ಕನ್ನಲ್ಲ. ನಾನು ಬೈತೀನಿ. ಅದಕ್ಕೇ ನನ್ನನ್ನ ಇಟ್ಕೊಂಡಿರೋದು. ಒಂದು ದಿನ ನನಗೆ ಜ್ವರ, ಇನ್ನೊಂದು ದಿನ ಸೊಂಟ ಮುರಿದಿರುತ್ತೆ, ಮೇಡಂ ಏನು ಹೇಳ್ತಾರೋ ಅದು. ಸಂಜೆ ಆಗ್ತಿದ್ದಂಗೆ ಎಲ್ಲಾ ವಾಸಿ, ಎದ್ದು ಮನೆಗೆ ನಡ್ಕೊಂಡೇ ಹೋಗ್ತೀನಿ. ಆದ್ರೆ ಒಂದು ಮಾತು. ರೋಗಿಯಾಗಿ ಮಲಗೋಕೆ ಗಟ್ಟಿಮುಟ್ಟಾದೋರೇ ಬೇಕು. ನಿಜವಾದ ಕಾಯಿಲೆ ಬಂತೋ, ಈ ಮಂಚದ ಹತ್ತಿರಾನೂ ಸೇರಿಸಲ್ಲ."

ನರ್ಸಿಂಗ್ ಶಾಲೆಗೆ ಹೊಸದಾಗಿ ಬಂದ ಹುಡುಗಿಯರಿಗೆಲ್ಲ ಪೇಷಂಟಮ್ಮ ಹೀಗೆ ಹೇಳಿ ಮಲಗಿಕೊಳ್ಳುತ್ತಿದ್ದಳು. ಮೊದಲು ಅಲ್ಲೇ ಕಸ ಗುಡಿಸುತ್ತಿದ್ದವಳು. ಮೊಣಕಾಲು ಸೋತ ಮೇಲೆ, ಹುಡುಗಿಯರು ಆರೈಕೆ ಕಲಿಯಲೆಂದು ರೋಗಿಯ ಹಾಗೆ ಮಲಗುವ ಕೆಲಸವನ್ನೂ ಈ ಮಂಚವನ್ನೂ ಮೇಡಂ ಕೊಟ್ಟಿದ್ದರು. ಸ್ವಂತ ಹೆಸರನ್ನು ಅಲ್ಲಿ ಕರೆಯುವವರೇ ಇರಲಿಲ್ಲ, ಅವಳಿಗೂ ಅದರ ಚಿಂತೆಯಿರಲಿಲ್ಲ.

ಆ ಮಂಚವೆಂದರೆ ಅವಳಿಗೆ ಪ್ರಾಣ. ಹುಡುಗಿಯರು ಎರಡು ಕಡೆ ಹಿಡಿದು ಬಿಳಿ ಹೊದಿಕೆ ಕೊಡವಿದರೆ ಅದು ಗಾಳಿ ತುಂಬಿಕೊಂಡು ಮೇಲೇಳುತ್ತಿತ್ತು, ಆಮೇಲೆ ಮೋಡ ಇಳಿದ ಹಾಗೆ ಮೆತ್ತಗೆ ಮೈಮೇಲೆ ಇಳಿಯುತ್ತಿತ್ತು. ಕಿಟಕಿಯ ಬೆಳಕು ಹೊದಿಕೆಯೊಳಗೂ ಬರುತ್ತಿತ್ತು. ಅರೆನಿದ್ದೆಯಲ್ಲಿ ಮೇಡಂ ಪಾಠ ದೂರದ ನೀರಿನ ಸದ್ದಿನಂತೆ ಕೇಳುತ್ತಿತ್ತು. "ಕಾಯಿಲೆ ಇಲ್ಲ ಅಂದ ಮಾತ್ರಕ್ಕೆ ಆರೋಗ್ಯ ಅಲ್ಲ. ನೋವಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ದೇಹ, ಮನಸ್ಸು, ಜೊತೆಯ ಜನ, ಮೂರೂ ನೋಡಬೇಕು." ಪೇಷಂಟಮ್ಮ ಒಳಗೊಳಗೇ ನಗುತ್ತಿದ್ದಳು. ನೋವಿಲ್ಲದ ಮೇಲೆ ಕಾಯಿಲೆ ಎಲ್ಲಿಂದ ಬಂತು?

ಹಾಗಂದುಕೊಂಡೇ ಅವಳು ಅಂಗಾಲಿನ ಹುಣ್ಣನ್ನು ಮುಚ್ಚಿಟ್ಟಿದ್ದು. ಮನೆಯಲ್ಲಿ ಒರೆಸಿದ ನೆಲದ ಮೇಲೆ ಒದ್ದೆ ಕಲೆ ಕಂಡು, ಕಾಲೆತ್ತಿ ನೋಡಿದರೆ ಹಿಮ್ಮಡಿ ಪಕ್ಕ ಹುಣ್ಣು ಬಾಯಿಬಿಟ್ಟಿತ್ತು. ಒತ್ತಿದರೂ ನೋವಿಲ್ಲ. ಆದರೆ ಮಂಚ ಕೈತಪ್ಪಿದರೆ? ಮನೆಯಲ್ಲಿ ಅವಳ ಮೈ ಮುಟ್ಟಿ "ಹೇಗಿದ್ದೀಯ" ಎನ್ನುವವರು ಯಾರು? ಸೊಸೆ ಒಳ್ಳೆಯವಳೇ, ಆದರೆ ಅವಳ ಕೈಗೆ ಬಿಡುವೆಲ್ಲಿ. ಮಾರನೆಯ ದಿನದಿಂದ ಪೇಷಂಟಮ್ಮ ದಪ್ಪ ಕಾಲುಚೀಲ ಹಾಕಿದಳು.

"ಏನತ್ತೆ, ಈ ಬಿಸಿಲಲ್ಲಿ ಕಾಲುಚೀಲ? ಮದುವೆ ಗಂಡಿನ ಹಾಗೆ!" ಎಂದಳು ಸೊಸೆ.

"ಮಂಚದ ಮೇಲಿರೋರು ನಾವು. ನಮಗೂ ಒಂದು ಗತ್ತು ಬೇಡ್ವಾ?"

ಶಾಲೆಯಲ್ಲಿ ಹುಡುಗಿಯರು ಕಾಲಿಗೆ ಕೈ ಹಾಕಿದರೆ "ಅಯ್ಯೋ ಕಚಗುಳಿ!" ಎಂದು ಎಳೆದುಕೊಳ್ಳುವಳು. ಅವರೂ ನಕ್ಕು ಬಿಟ್ಟುಬಿಡುವರು.

ಮೈ ಒರೆಸುವ ಪರೀಕ್ಷೆಯ ದಿನ ಅವಳ ಪಾಲಿಗೆ ಬಂದ ಹುಡುಗಿ ಆಮೆ. ಎಲ್ಲದರಲ್ಲೂ ನಿಧಾನ, ಅದಕ್ಕೇ ಜೊತೆಯವರು ಇಟ್ಟ ಹೆಸರು. ಬೋಗುಣಿಯ ನೀರಿಗೆ ಮೊಣಕೈ ಅದ್ದಿ ನೋಡಿದಳು. ಮುಖ, ಕುತ್ತಿಗೆ, ಬೆನ್ನು, ಅವಸರವೇ ಇಲ್ಲ. ಪೇಷಂಟಮ್ಮನಿಗೆ ಕಣ್ಣು ಎಳೆದುಕೊಂಡು ಹೋಯಿತು. ಆಟ ಮುಗಿಸಿ ಬಂದ ಪುಟ್ಟ ಹುಡುಗಿಯಾಗಿ ಹೊಸಿಲಿನ ಮೇಲೆ ಕೂತಿದ್ದಾಳೆ, ಅಮ್ಮ ಬಗ್ಗಿ ಪಾದದ ಮಣ್ಣು ತೊಳೆಯುತ್ತಿದ್ದಾಳೆ. ನೀರು ಬೆಚ್ಚಗಿದೆ. ಎಷ್ಟು ತೊಳೆದರೂ ಮಣ್ಣು ಮುಗಿಯುವುದಿಲ್ಲ, ಅಮ್ಮನಿಗೆ ಬೇಸರವೂ ಇಲ್ಲ.

"ಅಜ್ಜೀ..."

ಕಣ್ಣು ಬಿಟ್ಟರೆ ಕಾಲುಚೀಲ ಆಮೆಯ ಕೈಯಲ್ಲಿ. ಪೇಷಂಟಮ್ಮ ತಲೆಯೆತ್ತಿ ಮೇಡಂ ಇದ್ದ ಕಡೆ ನೋಡಿದಳು.

"ಶ್! ಹಾಕು ಮೊದಲು. ನಿನಗೆ ಪಾಸಾಗ್ಬೇಕು, ನನಗೆ ಮಂಚ ಬೇಕು. ನೀನೂ ನೋಡಿಲ್ಲ, ನಾನೂ ತೋರಿಸಿಲ್ಲ."

"ನೋವಾಗಲ್ವಾ ಅಜ್ಜಿ?"

"ಒಂಚೂರೂ ಇಲ್ಲ ಕಣೇ, ನಿನ್ನಾಣೆ."

"ನೋವಿಲ್ಲ ಅನ್ನೋದೇ ಭಯ ಅಜ್ಜಿ," ಎಂದ ಆಮೆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂಗಿದಳು. "ಮೇಡಂ, ಸ್ವಲ್ಪ ಬನ್ನಿ."

ಮೇಡಂ ಬಂದರು, ಬಗ್ಗಿದರು, ಹುಣ್ಣಿನ ಸುತ್ತ ಒತ್ತಿ ನೋಡಿದರು. ಪೇಷಂಟಮ್ಮ ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಂಡಳು.

"ಎದ್ದು ಹೋಗು ಅನ್ಬೇಡಿ ಮೇಡಂ. ಬೇಕಾದ್ರೆ ಕಾಲು ಹೊರಗಿಟ್ಟು ಮಲಗ್ತೀನಿ."

"ಇದು ಸಕ್ಕರೆ ಕಾಯಿಲೆ ಇರಬಹುದು. ಹೀಗೇ ಬಿಟ್ಟಿದ್ರೆ ಕಾಲೇ ಹೋಗ್ತಿತ್ತು," ಎಂದ ಮೇಡಂ ದನಿ ತಗ್ಗಿಸಿದರು. "ಕಾಯಿಲೆಯವರು ಬೇಡ ಅಂತ ನಿಯಮ ಮಾಡಿದವಳು ನಾನೇ. ನೀನು ಮುಚ್ಚಿಟ್ಟಿದ್ದು ಆ ನಿಯಮಕ್ಕೆ ಹೆದರಿ. ವಾಸಿ ಮಾಡ್ಕೊಂಡು ಬಾ. ಈ ಮಂಚದ ಮೇಲೆ ಬೇರೆ ಯಾರನ್ನೂ ಮಲಗಿಸಲ್ಲ."

ಪಕ್ಕದ ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಸಕ್ಕರೆಯೇ. ಹುಣ್ಣು ಮಾಯಲು ಬಹಳ ದಿನ ಹಿಡಿಯಿತು. ಕಟ್ಟು ಬದಲಾಯಿಸಲು ಆಮೆ ಮನೆಗೇ ಬರುತ್ತಿದ್ದಳು. ನೋಡಿ ನೋಡಿ ಸೊಸೆಯೂ ಕಲಿತಳು. "ಇಷ್ಟು ದಿನ ಒಂದು ಮಾತು ಹೇಳೋಕೇನಾಗಿತ್ತತ್ತೆ?" ಎಂದು ಬೈಯುತ್ತಲೇ ಕಾಲು ಮುಟ್ಟುತ್ತಿದ್ದಳು.

ಪೇಷಂಟಮ್ಮ ಮತ್ತೆ ಮಂಚ ಹತ್ತಿದ ದಿನ ಮೇಡಂ ಹೊಸ ಪಾಠ ತೆಗೆದರು, ಪಾದ ನೋಡಿಕೊಳ್ಳುವುದು. ಈ ಸಲ ಅವಳಿಗೆ ಕಾಯಿಲೆಯ ನಟನೆ ಬೇಕಿರಲಿಲ್ಲ. "ಸಕ್ಕರೆ ಇದೆ, ಚೆನ್ನಾಗೂ ಇದ್ದೀನಿ. ಎರಡೂ ಬರ್ಕೊಳ್ಳಿ," ಎಂದಳು ಹುಡುಗಿಯರಿಗೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂದು ಹಿರಿಯರು ಹೇಳಿದ್ದು ಸರಿ. ಅಂಗಾಲಿನದಕ್ಕೆ ಬೇಕು. ದಿನಾ ಸಂಜೆ ಪೇಷಂಟಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಪಾದ ತೊಳೆಯುತ್ತಾಳೆ, ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸುತ್ತಾಳೆ. ಸೊಸೆಯ ತಲೆ ಬಾಚುವ ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು, ಬೆಳಕಿನ ಕಡೆಗೆ ಓರೆ ಮಾಡಿ ನೋಡುತ್ತಾಳೆ. ಆಮೇಲೆ ಕಾಲುಚೀಲ ಒಗೆದು, ಹಿಂಡಿ, ಕೊಡವಿ, ತಂತಿಯ ಮೇಲೆ ಒಣಹಾಕುತ್ತಾಳೆ.